ತುಂಗತ್ತೆ ಹೇಳಿದ ಕೊನೆ

ನಮ್ಮ ಮನೆಯಲ್ಲಿ ಪುಸ್ತಕ ಮುಸುರೆ. ಅನ್ನ ಸಾರಿನ ಪಾತ್ರೆ ಹೇಗೆ ಮುಸುರೆಯೋ ರಟ್ಟು ಹಾಕಿದ ಪುಸ್ತಕವೂ ಹಾಗೇ. ರಟ್ಟು ಅಂಟಿಸುವುದಕ್ಕೆ ಮೈದಾ ಹಿಟ್ಟು ಕುದಿಸಿದ ಅಂಟು ಬೇಕು. ಕುದಿಸಿದ ಹಿಟ್ಟೆಂದರೆ ಬೇಯಿಸಿದ ಅಡಿಗೆಯೇ ಆಯಿತು. ಮಡಿಯಲ್ಲಿದ್ದವರು ಅದನ್ನು ಮುಟ್ಟಿದರೆ ಮತ್ತೆ ತಲೆಯ ಮೇಲೆ ನೀರು ಸುರಿದುಕೊಳ್ಳಬೇಕು. ಇದು ನನ್ನ ಸೋದರತ್ತೆ ತುಂಗತ್ತೆಯ ತರ್ಕ. ಈಚೆಗೆ ಹಂಪಿಯಲ್ಲಿ ನಡೆದ ಒಂದು ಸಾಹಿತ್ಯ ಗೋಷ್ಠಿಯಲ್ಲಿ ಕಾಲೇಜು ಹುಡುಗಿಯೊಬ್ಬಳು ಮೈಕು ಹಿಡಿದು, "ನಿಮ್ಮ ಬರವಣಿಗೆಯ ಮೇಲೆ ಯಾರ ಪ್ರಭಾವ ಇದೆ ಮೇಡಂ?" ಎಂದು ಕೇಳಿದಳು. ನಾನು ಎಲ್ಲರಂತೆ ನಾಲ್ಕು ದೊಡ್ಡ ಹೆಸರು ಹೇಳಿ, ನೀರು ಕುಡಿದು ಕೂತೆ. ಪುಸ್ತಕವನ್ನು ಕೈಯಿಂದ ಮುಟ್ಟದ ಹೆಂಗಸೊಬ್ಬಳ ಹೆಸರು ಹೇಳಿದ್ದರೆ ಚಪ್ಪಾಳೆ ಬೀಳುತ್ತಿತ್ತು, ಮರುದಿನ ಯಾರಾದರೂ ಅದನ್ನೇ ಫೇಸ್‌ಬುಕ್ಕಿನಲ್ಲಿ ಹಾಕುತ್ತಿದ್ದರು. ಅವಳನ್ನು ಹಾಗೆ ಹಂಚಿಬಿಡಲು ನನಗೆ ಮನಸ್ಸಾಗಲಿಲ್ಲ.

ಹೊಸಪೇಟೆಯಲ್ಲಿ ಕಾಲುವೆಗೆ ಹತ್ತಿದ ಓಣಿಯಲ್ಲಿ ನಮ್ಮ ಮನೆ. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಕೋಣೆ: ಮುಂದೆ ಪಡಸಾಲೆ, ಆಮೇಲೆ ನಡುಮನೆ, ಆಮೇಲೆ ಅಡಿಗೆಮನೆ, ಅದರ ಮೂಲೆಯಲ್ಲೇ ದೇವರ ಕಟ್ಟೆ, ಹಿಂದೆ ಬಾವಿ ಮತ್ತು ಹಿತ್ತಲು. ಮುಂಬಾಗಿಲಲ್ಲಿ ನಿಂತರೆ ಹಿತ್ತಲಿನ ತನಕ ನೇರ ಕಾಣುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲ ಎನ್ನುವುದೂ ಅಷ್ಟೇ ನೇರವಾಗಿ ಕಾಣುತ್ತಿತ್ತು. ಅಪ್ಪ ನೀರಾವರಿ ಕಚೇರಿಯ ಗುಮಾಸ್ತ. ಪೂಜೆ, ಊಟ, ಆಫೀಸು, ಮತ್ತೆ ಪೂಜೆ. ಮಾತನ್ನು ಅವನು ಕೇಸರಿಯ ಎಸಳಿನಂತೆ ಎಣಿಸಿ ಹಾಕುತ್ತಿದ್ದ. ತುಂಗತ್ತೆ ಅವನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಬಂದವಳೇ ಅಡಿಗೆಮನೆ ಹಿಡಿದವಳು. ಬೆಳಗ್ಗೆ ಸ್ನಾನ ಮಾಡಿ, ಗಳದ ಮೇಲಿನ ಮಡಿಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟಳೆಂದರೆ ಅಪ್ಪನ ಊಟ ಮುಗಿಯುವ ತನಕ ಯಾರೂ ಅವಳನ್ನು ಮುಟ್ಟುವಂತಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮತ್ತೆ ಮಡಿ. ನಡುವೆ ಅವಳು ಮುಟ್ಟಲು ಸಿಗುತ್ತಿದ್ದ ಮಧ್ಯಾಹ್ನಗಳಲ್ಲಿ ನಾನು ಶಾಲೆಯಲ್ಲಿರುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಓಣಿಯ ಹುಡುಗಿಯರು ಕುಂಟೆಬಿಲ್ಲೆಗೆ ಕರೆಯುತ್ತಿದ್ದರು. ಕತ್ತಲಾದಂತೆ ಒಬ್ಬೊಬ್ಬರ ಅಮ್ಮನೂ ಬಾಗಿಲಿಗೆ ಬಂದು ಹೆಸರು ಹಿಡಿದು ಕೂಗುತ್ತಿದ್ದಳು. ಕೊನೆಗೆ ನಾನು ಬಿಲ್ಲೆಯನ್ನು ಎತ್ತಿಕೊಂಡು, ಜಾನಕೀ ಎಂದು ಯಾರೂ ಕೂಗದೆಯೇ ಮನೆಗೆ ಬರುತ್ತಿದ್ದೆ.

ಅಮ್ಮ ಇದ್ದಳು, ಆದರೆ ಯಶವಂತನಗರದಲ್ಲಿದ್ದಳು. ಗಣಿ ಕೆಲಸಗಾರರ ಮಕ್ಕಳ ಶಾಲೆಯಲ್ಲಿ ಟೀಚರು. ಕಂಪನಿ ಕೊಟ್ಟ ಒಂದು ಕೋಣೆಯಲ್ಲಿ ವಾರವಿಡೀ ಇದ್ದು, ಶನಿವಾರ ಸಂಜೆ ಕಂಪನಿ ಬಸ್ಸಿಗೆ ಬಂದು, ಸೋಮವಾರ ನಸುಕಿನಲ್ಲಿ ಅದೇ ಬಸ್ಸಿಗೆ ಹೋಗುತ್ತಿದ್ದಳು. ಬರುವಾಗ ಸೀರೆಯ ಅಂಚಿನ ತುಂಬ ಅದಿರಿನ ಕೆಂಪು ಧೂಳು, ಕೈಚೀಲದಲ್ಲಿ ಅಲ್ಲಿನ ಕ್ಲಬ್ಬಿನ ಲೈಬ್ರರಿಯಿಂದ ನನಗಾಗಿ ತಂದ ಒಂದು ಕಾದಂಬರಿ. ವಾರಕ್ಕೊಂದೇ. ಮುಂದಿನ ಶನಿವಾರ ಬೇರೆ ತಂದು, ಸೋಮವಾರ ಹಳೆಯದನ್ನು ಒಯ್ಯುತ್ತಿದ್ದಳು. ಹೀಗೆ ಅಮ್ಮ ಹೋಗುತ್ತಿದ್ದಳು, ಪುಸ್ತಕ ಇರುತ್ತಿತ್ತು. ಪುಟಗಳ ಸಂದಿಯಲ್ಲಿ ಧೂಳು ಕೂತಿರುತ್ತಿದ್ದುದರಿಂದ ಓದಿ ಮುಗಿಸುವಾಗ ನನ್ನ ತೋರುಬೆರಳು ಕೆಂಪಾಗುತ್ತಿತ್ತು. ಅದನ್ನು ನಾನು ತೊಳೆಯುತ್ತಿರಲಿಲ್ಲ. ಮಾಸ್ತರರು ಬೆರಳ ಮೇಲೆ ಪಟ್ಟಿಯಿಂದ ಹೊಡೆದರೂ ತೊಳೆಯುತ್ತಿರಲಿಲ್ಲ.

ಓದುವುದೆಂದರೆ ನನಗೆ ಗೊತ್ತಿದ್ದದ್ದು ಗಟ್ಟಿಯಾಗಿ ಓದುವುದೇ. ಅಡಿಗೆಮನೆಯ ಹೊಸ್ತಿಲ ಈಚೆ ನಾನು, ಆಚೆ ಒಲೆಯ ಮುಂದೆ ತುಂಗತ್ತೆ. ಓದುವವರಿಗೆ ಕೇಳುವವರು ಹೂಂ ಅನ್ನಬೇಕು, ಇದು ಅವಳ ಕಟ್ಟಳೆ. ಒಂದು ಮಾತು ಓದಿ ನಾನು ನಿಲ್ಲುವುದು, ಅವಳು ಹೂಂ ಅನ್ನುವುದು, ಮುಂದಿನ ಮಾತಿಗೆ ಹೋಗುವುದು. ಅವಳಲ್ಲಿ ಎಷ್ಟೋ ಬಗೆಯ ಹೂಂಗಳಿದ್ದವು. ಒಗ್ಗರಣೆ ಚುರ್ ಎಂದಾಗ ಕೇಳಿಸದೇ ಹೋದರೆ, ಸೌಟು ಎತ್ತಿ ತೋರಿಸಿ ಹಿಂದಿನ ಮಾತನ್ನು ಮತ್ತೆ ಓದಿಸುತ್ತಿದ್ದಳು. ಕಾದಂಬರಿಯ ಗಂಡಸರು ಉದ್ದುದ್ದ ಭಾಷಣ ಮಾಡಿದರೆ ಹೂಂ ಮೂಗಿನಿಂದ ಬರುತ್ತಿತ್ತು. ಅರ್ಧ ಪುಸ್ತಕಕ್ಕೆಲ್ಲ ಕೊನೆ ಹೇಳಿಬಿಡುತ್ತಿದ್ದಳು, ಹಾಗಲಕಾಯಿ ಹೆಚ್ಚುತ್ತಲೇ, ತಲೆ ಎತ್ತದೆ.

"ಈಕಿ ಸಾಯ್ತಾಳ ನೋಡು."

"ಯಾಕ ಸಾಯ್ತಾಳ ಅತ್ಯಾ? ಛಲೋ ಇದ್ದಾಳಲ್ಲ!"

"ಭಾಳ ಛಲೋ ಇದ್ದಾಳ, ಅದಕ್ಕ. ಬರಿಯೋರಿಗೆ ಮತ್ತೇನ್ ಮಾಡಬೇಕು ತಿಳಿಯಂಗಿಲ್ಲ."

ಶನಿವಾರದ ಹೊತ್ತಿಗೆ ಅವಳು ಹೇಳಿದಂತೆಯೇ ಆಗಿರುತ್ತಿತ್ತು. ಒಮ್ಮೆಯೂ ತಪ್ಪಿದ್ದು ನನಗೆ ನೆನಪಿಲ್ಲ. ನಾನು ಸಿಟ್ಟಾಗುತ್ತಿದ್ದೆ, ಆದರೂ ಓದುತ್ತಿದ್ದೆ. ದಿನವಿಡೀ ಆ ಮನೆಯಲ್ಲಿ ನನ್ನ ದನಿಗೆ ಇನ್ನೊಂದು ದನಿ ಸಿಗುತ್ತಿದ್ದದ್ದು ಆ ಹೊಸ್ತಿಲ ಬಳಿ ಮಾತ್ರ.

ಒಂದು ವಾರ ಅಮ್ಮ ತಂದ ಕಾದಂಬರಿ ದಪ್ಪನೆಯದು. ಅದನ್ನು ಬರೆದ ಹೆಂಗಸಿನ ಹೆಸರನ್ನು ನಾವು ಅದುವರೆಗೆ ಕೇಳಿರಲಿಲ್ಲ. ನಾಯಕಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಹಿಡಿದು, ಸಣ್ಣ ಮಗಳನ್ನು ಗಂಡನ ಮನೆಯಲ್ಲಿ ಬಿಟ್ಟು ಹೋಗಿರುತ್ತಾಳೆ. ಮನೆಯಲ್ಲಿ ಒಬ್ಬ ಮುದುಕಿ ಅತ್ತೆ, ಆ ಕೂಸನ್ನು ನೋಡಿಕೊಳ್ಳುವವಳು. ಕೆಲಸ ಬಿಟ್ಟು ಬಾ ಎಂದು ಗಂಡ ಕಾಗದದ ಮೇಲೆ ಕಾಗದ ಹಾಕುತ್ತಾನೆ. ನಾನು ಉಸಿರು ಬಿಡದೆ ಓದುತ್ತಿದ್ದೆ. ತುಂಗತ್ತೆ ಆ ಪುಸ್ತಕಕ್ಕೆ ಮಾತ್ರ ಕೊನೆ ಹೇಳಲಿಲ್ಲ. ಕೇಳಿದರೆ, "ಓದು, ಓದು" ಅನ್ನುತ್ತಿದ್ದಳು.

ಗುರುವಾರ ಅಜ್ಜನ ಶ್ರಾದ್ಧ ಬಂತು. ಪಡಸಾಲೆಯಲ್ಲಿ ಬ್ರಾಹ್ಮಣರು ಕೂತಿದ್ದರು, ಅಪ್ಪ ಒದ್ದೆ ಪಂಚೆಯಲ್ಲಿ ಓಡಾಡುತ್ತಿದ್ದ, ಒಳಗೆ ತುಂಗತ್ತೆ ನಸುಕಿನಿಂದ ಒಲೆಯ ಮುಂದೆ. ಅಂಥ ದಿನ ಮಕ್ಕಳು ಅಡಿಗೆಮನೆಯ ಕಡೆ ಸುಳಿಯಲೂಬಾರದು. ಆದರೆ ಪುಸ್ತಕ ಇನ್ನೂ ಬಹಳ ಉಳಿದಿತ್ತು, ಸೋಮವಾರ ಅದು ಹೋಗಬೇಕಿತ್ತು. ನಾನು ನಡುಮನೆಯಲ್ಲಿ ಸುಮ್ಮನೆ ನಿಂತಿದ್ದನ್ನು ಕಂಡು ಅವಳೇ ಸಣ್ಣ ದನಿಯಲ್ಲಿ ಕರೆದಳು.

"ಬಾ, ಅಲ್ಲೇ ಕೂತು ಓದು. ಮೆಲ್ಲಕ ಓದು."

ಮಗಳಿಗೆ ವಿಷಮಜ್ವರ ಬಂದಿದೆ ಎಂದು ನಾಯಕಿಗೆ ತಂತಿ ಹೋಗುತ್ತದೆ. ಅವಳು ಬಸ್ ನಿಲ್ದಾಣಕ್ಕೆ ಬರುತ್ತಾಳೆ. ಬಸ್ಸು ತುಂಬಿದೆ, ಕಂಡಕ್ಟರ್ ಜಾಗವಿಲ್ಲ ಎನ್ನುತ್ತಾನೆ. ಪುಟ ಮುಗಿಯಿತು. ನಾನು ಪುಟ ತಿರುವಿದೆ. ಅವಳು ಬಸ್ಸಿನ ಕಂಬಿ ಹಿಡಿದು ಹತ್ತಿಬಿಟ್ಟಿದ್ದಳು! ಆಮೇಲೆ ಏನಾಯಿತು ಎನ್ನುವುದು ನನಗೆ ಕಾಲಿನಿಂದ ಗೊತ್ತಾಯಿತು, ತಲೆಯಿಂದಲ್ಲ. ಹೊಸ್ತಿಲು ದಾಟಿ ಓಡಿ, ಪುಸ್ತಕದ ಸಮೇತ ತುಂಗತ್ತೆಯ ಸೊಂಟವನ್ನು ಅಪ್ಪಿಕೊಂಡಿದ್ದೆ.

"ಬರ್ಲಿಕತ್ಯಾಳ ಅತ್ಯಾ! ಬಸ್ ಹತ್ತಿದ್ಲು!"

"ಹೂಂ," ಅಂದಳು ತುಂಗತ್ತೆ. ಅಭ್ಯಾಸದ ಹೂಂ. ಆಮೇಲೆ ಕೆಳಗೆ ನೋಡಿ, ಕೈಯಲ್ಲಿದ್ದ ಜಾಲರಿ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು. ನನ್ನ ಕೆಂಪು ಬೆರಳು ಅವಳ ಮಡಿಸೀರೆಯ ಮೇಲೆ ಮೂಡಿತ್ತು. ಪುಸ್ತಕದ ರಟ್ಟು ವಡೆಯ ಬುಟ್ಟಿಗೆ ತಾಗಿತ್ತು.

ಅಷ್ಟೂ ಅಡಿಗೆ ಶ್ರಾದ್ಧಕ್ಕೆ ಬಾರದಂತಾಯಿತು. ತುಂಗತ್ತೆ ಬಾವಿಗೆ ಹೋಗಿ ಕೊಡದ ಮೇಲೆ ಕೊಡ ಸುರಿದುಕೊಂಡಳು, ಒಲೆ ಸಾರಿಸಿ ಮತ್ತೆ ಬೆಂಕಿ ಹೂಡಿದಳು, ಉದ್ದು ನೆನೆಯುವ ತನಕ ಬ್ರಾಹ್ಮಣರು ಹೊಟ್ಟೆ ಸವರಿಕೊಂಡು ಸಂಧಿಗಳ ಬಗ್ಗೆ ವಾದ ಮಾಡಿದರು. ಅವರು ಉಂಡು ಹೋಗುವಾಗ ಬಿಸಿಲು ಇಳಿದಿತ್ತು. ಬಾಗಿಲು ಹಾಕಿ ಬಂದ ಅಪ್ಪ ನನ್ನೆದುರು ನಿಂತ.

"ಇವತ್ತು ಓದು ಅಂತ ಯಾರು ಹೇಳಿದ್ರು ನಿನಗ?"

"ನಾನೇ ಹೇಳಿದ್ದು. ಕೂಸಿಗೆ ಏನೂ ಅನಬ್ಯಾಡ ರಾಘು," ಎಂದಳು ತುಂಗತ್ತೆ.

"ನೀನೂ ಹಿಂಗ ಮಾಡಿದ್ರ ಹೆಂಗಕ್ಕ? ಸಾಕು. ಇನ್ನ ಈ ಮನ್ಯಾಗ ಕಾದಂಬರಿ ಕಾಲಿಡೂ ಹಂಗಿಲ್ಲ."

ಪುಸ್ತಕ ಅಟ್ಟಕ್ಕೆ ಹೋಯಿತು. ಶನಿವಾರ ಅಮ್ಮ ಬಂದಳು. ಭಾನುವಾರ ಮಧ್ಯಾಹ್ನ ಎಲೆ ಎತ್ತಿದ ಮೇಲೆ ಜಗಳವಾಯಿತು. ನಮ್ಮ ಮನೆಯ ಜಗಳಗಳಲ್ಲಿ ಯಾರೂ ಕೂಗುತ್ತಿರಲಿಲ್ಲ, ಓಣಿಗೆ ಕೇಳಬಾರದಲ್ಲ. ನಾನು ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತು ಎಲ್ಲ ಕೇಳಿಸಿಕೊಂಡೆ.

"ತಾಯಿ ಮನ್ಯಾಗಿದ್ದಿದ್ರ ಕೂಸು ಹಿಂಗ ಪುಸ್ತಕ ಅಪ್ಪಿಕೊಂಡು ತಿರಗತಿತ್ತೇನು?" ಅಂದ ಅಪ್ಪ. "ದಸರಾದ ಒಳಗ ರಾಜೀನಾಮಿ ಕೊಟ್ಟು ಬಾ."

"ಕೊಟ್ಟು ಬಂದು ಏನ್ ಮಾಡ್ಲಿ?"

"ಎಲ್ಲಾರೂ ಏನ್ ಮಾಡ್ತಾರ, ಅದನ್ನ."

"ಹಂಗಾರ ಜಾನಕಿನ್ನ ನನ್ನ ಕೂಡ ಕಳಸ್ರಿ. ಅಲ್ಲೇ ಸಾಲಿ ಅದ."

"ಆ ಧೂಳಿನ್ಯಾಗ? ಟ್ಯಾಂಕರ್ ನೀರಿನ್ಯಾಗ? ಮಡಿಯಿಲ್ಲ, ಮೈಲಿಗಿಯಿಲ್ಲ, ಅಲ್ಲೇನು ಮನಿ ಅದನ?"

ಅಮ್ಮ ಸೋಮವಾರ ಅಟ್ಟದಿಂದ ಪುಸ್ತಕ ಇಳಿಸಿ, ತಾನು ತಂದಿದ್ದ ಹೊಸದರ ಜೊತೆ ಚೀಲಕ್ಕೆ ಹಾಕಿಕೊಂಡು ಹೋದಳು. ನನಗೆ ಅಮ್ಮ ಬೇಕಿತ್ತು. ಅವಳು ಇಲ್ಲಿಗೆ ಬರಲಿ, ನಾನು ಅಲ್ಲಿಗೆ ಹೋಗಲಿ, ಯಾವುದಾದರೂ ಸರಿಯೇ. ಇಷ್ಟು ಸಣ್ಣದನ್ನು ಕೇಳಲು ಕೂಡ ನನಗೆ ಬಾಯಿರಲಿಲ್ಲ, ಓದಲು ಮಾತ್ರ ಇತ್ತು, ಈಗ ಅದೂ ಇಲ್ಲವಾಗಿತ್ತು. ಬೆಳಗಿನ ಹೊತ್ತು ಹೊಸ್ತಿಲ ಬಳಿ ಬರಿಗೈಯಲ್ಲಿ ಕೂರುತ್ತಿದ್ದೆ. ಒಲೆಯ ಕಟ್ಟಿಗೆ ಸಿಡಿಯುವುದು, ದೇವರ ಮೂಲೆಯಿಂದ ಅಪ್ಪನ ಗಂಟೆ, ಇಷ್ಟೇ ಸದ್ದು. ಹೀಗೆ ಕೆಲವು ದಿನ ಹೋದ ಮೇಲೆ, ಒಂದು ಬೆಳಗ್ಗೆ ತುಂಗತ್ತೆ ಅಕ್ಕಿ ಆರಿಸುತ್ತ, ಮೊರದ ಮೇಲಿನ ಕಣ್ಣು ತೆಗೆಯದೆ ಅಂದಳು.

"ಆಕಿ ಬಸ್ ಹತ್ತಿದ್ಲಲ್ಲ, ಆಮ್ಯಾಲೆ ಏನಾತು ಗೊತ್ತದ ಏನು?"

ಅವಳು ಕತೆ ಹೇಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಿಧಾನವಾಗಿ, ಕಲ್ಲು ನುಚ್ಚು ಬೇರೆ ಮಾಡುತ್ತ ಹೇಳಿದಳು. ದಿನಕ್ಕೊಂದಿಷ್ಟು. ಬಸ್ಸು ಕೆಟ್ಟು ನಿಂತದ್ದು, ನಾಯಕಿ ಅದಿರಿನ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಬಂದದ್ದು, ಸೀರೆಯೆಲ್ಲ ಕೆಂಪಾದದ್ದು. ಪುಸ್ತಕದ ಊರಿನಲ್ಲಿ ಅದಿರು ಎಲ್ಲಿತ್ತು? ನಾನು ಕೇಳಲಿಲ್ಲ. ಈಗ ಹೂಂ ಅನ್ನುವ ಕೆಲಸ ನನ್ನದಾಗಿತ್ತು. ಹೂಂ ಅನ್ನುವವರಿಗೆ ಎಷ್ಟು ಅವಸರ, ಎಷ್ಟು ಹೆದರಿಕೆ ಇರುತ್ತದೆ ಎನ್ನುವುದು ಆಗ ನನಗೆ ತಿಳಿಯಿತು. ದಸರಾ ಹತ್ತಿರ ಬಂದಂತೆ ಕತೆಯೂ ಮುಗಿಯುತ್ತ ಬಂತು.

"ಮಗಳ ಜ್ವರ ಬಿಡೂ ತನಕ ಆಕಿ ಮಗ್ಗಲದಾಗ ಕೂತ್ಲು. ಜ್ವರ ಬಿಡ್ತು. ಗಂಡ, ಇನ್ನ ಹೋಗಬ್ಯಾಡ ಅಂದ. ಆಕಿ ಮಗಳಿಗೆ ತಲಿ ಬಾಚಿದ್ಲು. ಕೈ ಹಿಡ್ಕೊಂಡು, ತಾನು ಬಂದ ಹಾದಿಲೇ ಕರ್ಕೊಂಡು ಹೋದ್ಲು."

"ಪುಸ್ತಕದಾಗ ಹಂಗೇ ಅದ ಏನು ಅತ್ಯಾ?"

"ನೀ ಓದೀ ಏನು? ಇಲ್ಲಲ್ಲ. ಹಂಗಾರ ಸುಮ್ಮನ ಹೂಂ ಅನ್ನು."

"ಮತ್ತ ಆ ಮುದುಕಿ? ಮನ್ಯಾಗ ಆಕಿ ಒಬ್ಬಾಕೇ ಆದ್ಲಲ್ಲ?"

ತುಂಗತ್ತೆ ಮೊರವನ್ನು ಗೋಡೆಗೆ ಆನಿಸಿಟ್ಟು ಎದ್ದಳು.

"ಆಕಿಗೇನು, ಆಕಿಗೆ ಮಡಿ ಅದ."

ಆ ಭಾನುವಾರ ಅಪ್ಪನಿಗೆ ಬಡಿಸುತ್ತ ಅವಳು ಮಾತು ತೆಗೆದಳು. ಈ ಮನೆಗೆ ಬಂದಾಗಿನಿಂದ ತಾನು ಏನೂ ಕೇಳಿಲ್ಲ, ಇದೊಂದನ್ನು ಕೇಳುತ್ತೇನೆ ಎಂದಳು. ಅಮ್ಮನ ನೌಕರಿಯೂ ಇರಲಿ, ಕೂಸೂ ತಾಯಿಯ ಕೂಡ ಇರಲಿ. ಅಪ್ಪ ತುತ್ತನ್ನು ಎಲೆಯಲ್ಲೇ ಬಿಟ್ಟ.

"ನಿನಗ ಬ್ಯಾಸರ ಆಗಂಗಿಲ್ಲೇನಕ್ಕ?" ಎಂದ.

"ಅನ್ನ ಆರ್ತದ, ಉಣ್ಣು," ಎಂದಳು ತುಂಗತ್ತೆ.

ನಾನು ಹೊರಟದ್ದು ದಸರಾ ಮುಗಿದ ಮೇಲಿನ ಸೋಮವಾರ, ಅಂದು ದ್ವಾದಶಿ. ಹಿಂದಿನ ದಿನದ ಏಕಾದಶಿಗೆ ತುಂಗತ್ತೆ ನೀರು ಕೂಡ ಬಾಯಿಗೆ ಹಾಕಿರಲಿಲ್ಲ. ದ್ವಾದಶಿಯ ದಿನ ಮಡಿಯಲ್ಲಿ ಅಡಿಗೆ ಮಾಡಿ, ದೇವರಿಗೆ ತೋರಿಸಿದ ಮೇಲೆಯೇ ಅವಳಿಗೆ ಊಟ. ನಾನು ಹೊಸ ಲಂಗ ಹಾಕಿಕೊಂಡು ಹೊಸ್ತಿಲ ಈಚೆಯಿಂದಲೇ ನಮಸ್ಕಾರ ಮಾಡಿದೆ. ಅಮ್ಮ ಪಡಸಾಲೆಯಿಂದ ಬಸ್ಸಿಗೆ ಹೊತ್ತಾಯಿತೆಂದು ಕರೆಯುತ್ತಿದ್ದಳು. ತುಂಗತ್ತೆ ಒಲೆಯ ಮುಂದಿನಿಂದ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಹೊಸ್ತಿಲು ದಾಟಿ ಈಚೆಗೆ ಬಂದಳು.

"ಅತ್ಯಾ, ಮಡಿ!" ಎಂದು ನಾನು ಹಿಂದೆ ಸರಿದೆ.

"ಬಾವಿ ಎಲ್ಲಿಗೂ ಹೋಗಿಲ್ಲ," ಅಂದಳು. ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ಎದೆಗೆ ಒತ್ತಿಕೊಂಡಳು. ಹೊಗೆಯ ವಾಸನೆ, ಅಗಸೆಸೊಪ್ಪಿನ ವಾಸನೆ. ನಾವು ಓಣಿ ದಾಟುವಾಗ ಹಿತ್ತಲಿನ ಬಾವಿಯ ರಾಟೆ ಕಿರುಗುಟ್ಟುವುದು ಕೇಳಿಸಿತು.

ಯಶವಂತನಗರದ ಕೋಣೆಯಲ್ಲಿ ಅಮ್ಮ ಇದ್ದಳು, ನಡೆದು ಹೋಗುವಷ್ಟು ಹತ್ತಿರದಲ್ಲಿ ಪುಸ್ತಕಗಳ ಕಪಾಟುಗಳಿದ್ದವು. ಬೇಕಾದದ್ದೆಲ್ಲ ಸಿಕ್ಕಿತ್ತು. ಮೊದಲ ಸಂಜೆಯೇ ಪುಸ್ತಕ ತೆಗೆದು ಅಮ್ಮನಿಗೆ ಓದತೊಡಗಿದೆ. ಅವಳು ಮಕ್ಕಳ ಉತ್ತರ ತಿದ್ದುತ್ತಿದ್ದಳು. "ಮನಸಿನ್ಯಾಗ ಓದ್ಕೋ ಜಾನು, ತಲಿ ನೋಯ್ತದ," ಎಂದಳು, ಪ್ರೀತಿಯಿಂದಲೇ. ಆ ದಿನ ನಾನು ಮೊದಲ ಸಲ ಬಾಯಿ ಮುಚ್ಚಿಕೊಂಡು ಓದಿದೆ. ಎಲ್ಲರೂ ಓದುವುದು ಹಾಗೆಯೇ ಅಂತೆ. ಹೊರಗೆ ಲಾರಿಗಳು ಸಾಲಾಗಿ ಹೋಗುತ್ತಿದ್ದವು, ಮಾತಿನ ಕೊನೆಗೆ ನಾನು ನಿಲ್ಲುತ್ತಿದ್ದೆ, ಏನೂ ಕೇಳಿಸುತ್ತಿರಲಿಲ್ಲ. ರಜೆಗೆ ಹೊಸಪೇಟೆಗೆ ಹೋದಾಗ ತುಂಗತ್ತೆಗೆ ಓದುತ್ತಿದ್ದೆ. ಅಪ್ಪ ಕಂಡೂ ಕಾಣದಂತೆ ಇರುತ್ತಿದ್ದ. ಆದರೆ ರಜೆ ಮುಗಿಯುತ್ತಿತ್ತು. ನಾನು ಕಾಲೇಜಿನಲ್ಲಿದ್ದಾಗ ಅವಳು ತೀರಿಕೊಂಡಳು. ಮುಂದೆ ನಾನು ಬರೆಯತೊಡಗಿದ ಮೇಲೆ ಒಬ್ಬ ವಿಮರ್ಶಕರು ನನ್ನ ಗದ್ಯದ ಮೌನಗಳ ಬಗ್ಗೆ ಒಂದು ಪ್ರಬಂಧವನ್ನೇ ಬರೆದರು. ಅವು ಮೌನಗಳಲ್ಲ ಸ್ವಾಮಿ, ಹೂಂ ಬರಬೇಕಾದ ಜಾಗಗಳು.

ಆ ನರ್ಸಿನ ಕಾದಂಬರಿಯನ್ನು ನಾನು ಕ್ಲಬ್ಬಿನ ಕಪಾಟಿನಲ್ಲಿ ಹುಡುಕಿದ್ದೆ. ಯಾವುದೋ ಎಂಜಿನಿಯರರ ಮನೆಯವರು ಒಯ್ದಿದ್ದರು. ಅವರಿಗೆ ವರ್ಗವಾದಾಗ ಅದೂ ಅವರ ಸಾಮಾನಿನ ಜೊತೆ ಹೋಯಿತು. ಮತ್ತೆ ಹುಡುಕಲಿಲ್ಲ. ಕೊನೆ ನನಗೆ ಗೊತ್ತೇ ಇತ್ತಲ್ಲ. ಹೋದ ತಿಂಗಳು ಒಬ್ಬ ಪ್ರಕಾಶಕಿ ಫೋನ್ ಮಾಡಿದಳು. ಜನ ಮರೆತ ಲೇಖಕಿಯರ ಕಾದಂಬರಿಗಳನ್ನು ಮರುಮುದ್ರಣ ಮಾಡುತ್ತಿದ್ದೇವೆ, ಒಂದಕ್ಕೆ ಮುನ್ನುಡಿ ಬೇಕು, ಕಾಲಕ್ಕಿಂತ ಮುಂದಿದ್ದ ಕೃತಿ ಎಂದು ಎಲ್ಲರೂ ಈಗ ಚರ್ಚೆ ಮಾಡುತ್ತಿದ್ದಾರೆ ಮೇಡಂ, ಎಂದಳು. ಹೆಸರು ಹೇಳಿದಳು, ಅದು ಆ ನರ್ಸಿನ ಕಾದಂಬರಿಯೇ. ಪಿಡಿಎಫ್ ಕಳಿಸಿದಳು. ನಾನೀಗ ಹೊಸಪೇಟೆಯಲ್ಲಿ, ಹೊಸ ಬಡಾವಣೆಯ ಮನೆಯಲ್ಲಿ ಒಬ್ಬಳೇ ಇದ್ದೇನೆ. ಅಡಿಗೆಮನೆಗೆ ಹೊಸ್ತಿಲೇ ಇಲ್ಲದ ಮನೆ. ಊಟದ ಮೇಜಿನ ಮೇಲೆ ಟ್ಯಾಬ್ ಇಟ್ಟುಕೊಂಡು, ನಾಯಕಿ ಬಸ್ ಹತ್ತಿದ ಪುಟದಿಂದ ಮುಂದಕ್ಕೆ ಗಟ್ಟಿಯಾಗಿ ಓದಿದೆ.

ಅವಳು ಬರುತ್ತಾಳೆ. ಮಗಳ ಜ್ವರ ಬಿಡುತ್ತದೆ. ಅವಳು ಗಂಡನ ಕಾಲಿಗೆ ಬಿದ್ದು, ರಾಜೀನಾಮೆ ಬರೆದು ಕೊಟ್ಟು, ಮುದುಕಿ ಅತ್ತೆಯ ಕೈಯಿಂದ ದೀಪದ ಬತ್ತಿ ಇಸಿದುಕೊಂಡು ದೀಪ ಹಚ್ಚುತ್ತಾಳೆ. ಮನೆ ತುಂಬುತ್ತದೆ. ಮುದುಕಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ. ಮುಗಿಯಿತು.

ಇದಿಷ್ಟು ತುಂಗತ್ತೆಗೆ ಗೊತ್ತಿರಲಿಲ್ಲವೇ? ವಾರಕ್ಕೊಂದು ಕಾದಂಬರಿ ಕೇಳಿ, ಅರ್ಧಕ್ಕೆ ಕೊನೆ ಹೇಳಿ, ಒಮ್ಮೆಯೂ ತಪ್ಪದವಳು. ಆಗಿನ ಕಾದಂಬರಿಗಳಲ್ಲಿ ಮನೆ ಬಿಟ್ಟವರೆಲ್ಲ ತಿರುಗಿ ಬರುತ್ತಿದ್ದರು, ಬಾರದವರು ಸಾಯುತ್ತಿದ್ದರು. ಈ ಒಂದಕ್ಕೆ ಅವಳು ಬಾಯಿ ಬಿಡದಿದ್ದದ್ದು ಗೊತ್ತಿಲ್ಲದೆ ಅಲ್ಲ. ಪುಸ್ತಕದ ಕೊನೆ ಅವಳ ಪಾಲಿಗೆ ಒಳ್ಳೆಯ ಕೊನೆ: ಅಮ್ಮ ನೌಕರಿ ಬಿಟ್ಟು ಬರುತ್ತಾಳೆ, ನಾನು ಹೊಸ್ತಿಲ ಬಳಿ ಕೂತು ಓದುತ್ತಿರುತ್ತೇನೆ, ಮನೆಯಲ್ಲಿ ದನಿಗಳಿರುತ್ತವೆ. ಅಪ್ಪ ಕೇಳುತ್ತಿದ್ದುದೂ ಅದನ್ನೇ. ಅವಳು ಸುಮ್ಮನಿದ್ದಿದ್ದರೆ ಸಾಕಿತ್ತು.

ಮುನ್ನುಡಿಯನ್ನು ನಾನಿನ್ನೂ ಬರೆದಿಲ್ಲ. ಪ್ರಕಾಶಕಿ ಎರಡು ಸಲ ಮೆಸೇಜು ಹಾಕಿದ್ದಾಳೆ. ಬರೆಯಲು ಕೂತಾಗಲೆಲ್ಲ ಆ ಬೆಳಗ್ಗೆ ಕಣ್ಣಿಗೆ ಬರುತ್ತದೆ: ಗೋಡೆಗೆ ಆನಿಸಿಟ್ಟ ಮೊರ, ಬೆನ್ನು ತಿರುಗಿಸಿ ಒಲೆಯ ಕಡೆ ಹೋಗುತ್ತಿರುವ ತುಂಗತ್ತೆ. ಆಕಿಗೇನು, ಆಕಿಗೆ ಮಡಿ ಅದ ಎಂದು ಅವಳು ಹೇಳಿದಾಗ, ಕತೆ ಕೇಳುವವರ ಕಟ್ಟಳೆಯಂತೆ, ನಾನು ಹೂಂ ಅಂದಿದ್ದೆ.